ಮೂರನೇ ಸಲದ ‘ಅರ್ಥ ಆಗ್ಲಿಲ್ಲ’

ಮೇಷ್ಟ್ರುಗಳನ್ನು ಕಂಡರೆ ನನಗೆ ಅಷ್ಟಕ್ಕಷ್ಟೇ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ಹೇಳುವುದನ್ನು ನೀವು ನಂಬುತ್ತೀರಿ. ಅರಿಯಾಕೆ ಕೊಲ್ಲಿಯ ದಂಡೆಯಲ್ಲಿರುವ ನಮ್ಮ ಚಿಕ್ಕ ವಿಶ್ವವಿದ್ಯಾಲಯದ ಕಚೇರಿಗೆ ನಾನು ಸೇರಿದಾಗ ಕೂದಲು ಕಪ್ಪಗಿತ್ತು, ಹೊರಬಂದಾಗ ಬೆಳ್ಳಗಾಗಿತ್ತು. ಕೋಣೆಯ ಬೀಗದ ಕೈ ಜೇಬಲ್ಲಿಟ್ಟುಕೊಂಡೇ ಮನೆಗೆ ಹೋಗುವ ಪಂಡಿತರು, ಅಂಕ ಕೊಡಿ ಎಂದ ಕೂಡಲೇ ಹೊಟ್ಟೆನೋವು ಬರುವ ಪಂಡಿತರು, ಎಲ್ಲರನ್ನೂ ನೋಡಿ ಮುಗಿಸಿದ್ದೇನೆ. ಅಂಥ ನಾನು ಒಬ್ಬ ಮೇಡಂ ಎದುರಿಗೆ ಮಾತ್ರ ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಅದೂ ಚಂದ್ರನಾಗಿ ನಿಂತಿದ್ದೆ. ಅವಳ ಹೆಸರು ಎಗಾಶಿರಾ ಚಿಜುರು.

ಎಗಾಶಿರಾ ಮನೆಯವರು ನಮ್ಮ ದಂಡೆಯ ಕಡೆಯ ಓಣಿಯವರು. ಅಪ್ಪ ನೋರಿ ಬೆಳೆಯುತ್ತಿದ್ದ. ಕಡಲಲ್ಲಿ ಬಲೆ ಕಟ್ಟಿ, ಅದರ ಮೇಲೆ ಪಾಚಿ ಬೆಳೆಸಿ, ಕೊಯ್ದು, ಹಾಳೆಯ ಹಾಗೆ ಒಣಗಿಸಿ ಮಾರುವ ಕೆಲಸ. ನಮ್ಮ ಕೊಲ್ಲಿಯ ನೀರು ಇಳಿದರೆ ಕಣ್ಣು ಹಾಯುವವರೆಗೂ ಕೆಸರು, ದೋಣಿಗಳೆಲ್ಲ ಎಮ್ಮೆಗಳಂತೆ ಕೆಸರಲ್ಲಿ ಹೊಟ್ಟೆ ಊರಿ ಮಲಗಿರುತ್ತವೆ. ಏರಿದರೆ ಗೋಡೆಯ ಅಂಚಿಗೇ ಬರುತ್ತದೆ. ಆದ್ದರಿಂದ ಪ್ರತಿ ಅಡುಗೆಮನೆಯಲ್ಲೂ ದೇವರ ಗೂಡಿನ ಪಕ್ಕ ಉಬ್ಬರದ ವೇಳಾಪಟ್ಟಿ ತೂಗಾಡುತ್ತಿರುತ್ತದೆ. ಊಟ, ಸ್ನಾನ, ಮದುವೆ ಮಾತುಕತೆ, ಎಲ್ಲ ಅದನ್ನು ನೋಡಿಯೇ.

ಆ ಪಟ್ಟಿಯ ಕೆಳಗೆ ನಿಂತು ಹುಡುಗಿ ಚಿಜುರು ಒಂದು ದಿನ ಅಪ್ಪನನ್ನು ಕೇಳಿದಳಂತೆ.

“ಅಪ್ಪಾ, ನೀರು ಚಂದ್ರ ಎಳೆದ್ರೆ ಏರುತ್ತೆ ಅಂತೀಯ. ಚಂದ್ರ ದಿನಕ್ಕೆ ಒಂದ್ಸಲ ತಲೆ ಮೇಲೆ ಬರ್ತಾನೆ. ನೀರು ಯಾಕೆ ಎರಡು ಸಲ ಬರುತ್ತೆ?”

“ಬೆಳಗಿನ ಕೆಲಸಕ್ಕೆ ಒಂದು, ಸಂಜೆ ಕೆಲಸಕ್ಕೆ ಒಂದು. ಬಾಯಿ ಮುಚ್ಕೊಂಡು ಬಲೆ ತೊಳಿ.”

ಬಲೆ ತೊಳೆದಳು. ಬಾಯಿ ಮುಚ್ಚಲಿಲ್ಲ. ಅದೇ ಪ್ರಶ್ನೆಯನ್ನು ಹೊತ್ತುಕೊಂಡು ನಮ್ಮಲ್ಲಿಗೆ ಓದಲು ಬಂದಳು. ಆಗ ನಾನು ಕಚೇರಿಯ ಕಿಟಕಿಯಲ್ಲಿ ಕೂತು ಅರ್ಜಿಗಳಿಗೆ ಮುದ್ರೆ ಒತ್ತುತ್ತಿದ್ದ ಹೊಸ ಗುಮಾಸ್ತೆ. ಅವಳಿಗಿಂತ ನಾಲ್ಕಾರು ವರ್ಷ ದೊಡ್ಡವಳು, ಅದಕ್ಕೇ ಅವಳಿಗೆ ಅಕ್ಕ ಆದೆ.

ಸಮುದ್ರ ವಿಜ್ಞಾನ ಹೇಳಿಕೊಡುತ್ತಿದ್ದವರು ನಾರಿದೊಮಿ ಮೇಷ್ಟ್ರು. ಆಗಿನ್ನೂ ಮೂವತ್ತು ದಾಟಿದವರು, ಗತ್ತಿನವರು. ಬೋರ್ಡಿನ ಮೇಲೆ ಭೂಮಿ ಬರೆದು, ಅದರ ಸುತ್ತ ಎರಡೂ ಕಡೆ ಉಬ್ಬಿದ ನೀರನ್ನು ಒಂದೇ ಗೆರೆಯಲ್ಲಿ ಮೊಟ್ಟೆಯಂತೆ ಎಳೆಯುತ್ತಿದ್ದರು. ಎಷ್ಟು ಚಂದದ ಮೊಟ್ಟೆ ಎಂದರೆ ಹುಡುಗರು ಅವರಿಗೆ ಮೊಟ್ಟೆ ಮೇಷ್ಟ್ರು ಎಂದೇ ಹೆಸರಿಟ್ಟಿದ್ದರು. ನಮ್ಮ ಮಕ್ಕಳು ತರಗತಿಯಲ್ಲಿ ಸತ್ತರೂ ಕೈ ಎತ್ತುವುದಿಲ್ಲ. ಚಿಜುರು ಎತ್ತಿದಳು.

“ಮೇಷ್ಟ್ರೇ, ಚಂದ್ರನ ಕಡೆ ನೀರು ಏರೋದು ಸರಿ. ಬೆನ್ನಿನ ಕಡೆ ಯಾಕೆ ಏರುತ್ತೆ?”

“ಮೊಟ್ಟೆಗೆ ಎರಡು ತುದಿ ಇರುತ್ತೆ ತಾನೆ? ಸಮತೋಲಕ್ಕೆ. ಬರ್ಕೊ, ಪರೀಕ್ಷೆಗೆ ಬರುತ್ತೆ.”

ಬಂತು. ಅವಳು ಬರೆದಳು, ಪೂರ್ತಿ ಅಂಕ ಸಿಕ್ಕಿತು. ಫಲಿತಾಂಶದ ದಿನ ನನ್ನ ಕಿಟಕಿಗೆ ಬಂದು ಗೊಳೋ ಎಂದು ಅತ್ತಳು.

“ಏನಾಯ್ತೇ? ಪಾಸಾಗಿದೀಯಲ್ಲ!”

“ಅಕ್ಕಾ, ಅರ್ಥ ಆಗ್ದೇ ಇರೋದಕ್ಕೆ ಪೂರ್ತಿ ಅಂಕ ಕೊಟ್ಬಿಟ್ಟಿದಾರೆ.”

ಇವಳಿಗೆ ತಲೆ ಸ್ವಲ್ಪ ಸಡಿಲ ಎಂದುಕೊಂಡು ಕೈಗೊಂದು ಮಿಠಾಯಿ ಕೊಟ್ಟು ಕಳಿಸಿದೆ.

ಆಮೇಲೆ ಅವಳು ಬೇರೆ ಊರಿಗೆ ಹೋಗಿ ಡಾಕ್ಟರೇಟ್ ಮಾಡಿದಳು. ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕಿತಂತೆ. ಕೆಲಸ ಸಿಗಲಿಲ್ಲ. ವಾಪಸು ಬಂದು ಕೊಲ್ಲಿಯ ಸುತ್ತಲಿನ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕಿಯಾದಳು, ನಮ್ಮಲ್ಲೂ ವಾರಕ್ಕೊಂದು ಪಾಠ. ಒಂದು ಪುಟ್ಟ ಬಿಳಿ ಕಾರು, ಹಿಂದಿನ ಸೀಟಿನಲ್ಲಿ ಪುಸ್ತಕ, ಮುಂದಿನ ಸೀಟಿನಲ್ಲಿ ನೋರಿ ಸುತ್ತಿದ ಅನ್ನದ ಉಂಡೆ. ಸಿಗ್ನಲ್ ಕೆಂಪಾದರೆ ಒಂದು ತುತ್ತು, ಹಸಿರಾದರೆ ಮುಂದಿನ ಕಾಲೇಜು. ಹಾಗೇ ನಲವತ್ತು ದಾಟಿತು.

ಹಾಗಂತ ಅರ್ಜಿ ಹಾಕದೆ ಕೂತವಳಲ್ಲ. ದೇಶದ ಈ ತುದಿಯಿಂದ ಆ ತುದಿಯವರೆಗೆ ಎಲ್ಲಿ ಹುದ್ದೆ ಖಾಲಿ ಬಿದ್ದರೂ ಹಾಕುತ್ತಿದ್ದಳು. ಕಡೆಯ ಸುತ್ತಿಗೂ ಕರೆಯುತ್ತಿದ್ದರು. ಕಡೆಯ ಸುತ್ತು ಎಂದರೆ ಮಾದರಿ ಪಾಠ. ನೀವು ಎಷ್ಟೇ ದೊಡ್ಡ ಸಂಶೋಧಕರಾಗಿರಿ, ಆಯ್ಕೆ ಸಮಿತಿಯ ಪ್ರಾಧ್ಯಾಪಕರು ಮೊದಲ ವರ್ಷದ ಮಕ್ಕಳ ಹಾಗೆ ಬೆಂಚಿನಲ್ಲಿ ಕೂರುತ್ತಾರೆ, ಅವರಿಗೆ ಇಪ್ಪತ್ತು ನಿಮಿಷ ಪಾಠ ಮಾಡಿ ತೋರಿಸಬೇಕು. ಚಿಜುರು ಪ್ರತಿ ಸಲ ಮುಗ್ಗರಿಸುತ್ತಿದ್ದುದು ಅಲ್ಲೇ. ನಿಜವಾದ ತರಗತಿಯಲ್ಲಿ ಅವಳ ಪಾಠ ಕೇಳಲು ಬೇರೆ ವಿಭಾಗದ ಮಕ್ಕಳೂ ಬಂದು ಗೋಡೆಗೊರಗಿ ನಿಲ್ಲುತ್ತಿದ್ದರು. ಮಾದರಿ ಪಾಠದಲ್ಲಿ ಮಾತ್ರ ತಡವರಿಸುತ್ತಿದ್ದಳು.

“ನಿನಗೇನು ಬಂದಿದೆ ರೋಗ?” ಎಂದು ಒಮ್ಮೆ ಬೈದೆ.

“ಅಕ್ಕಾ, ನಾನು ಪಾಠ ಮಾಡೋದು ಮುಖ ನೋಡ್ಕೊಂಡು. ಯಾವುದೋ ಒಂದು ಮುಖ ಅರ್ಥ ಆಗ್ದೆ ಗಂಟು ಹಾಕ್ಕೊಂಡಿರುತ್ತಲ್ಲ, ಅದನ್ನ ಹಿಡ್ಕೊಂಡು ಹೋಗ್ತೀನಿ. ಅಲ್ಲಿ ಎಲ್ಲರಿಗೂ ಎಲ್ಲಾ ಗೊತ್ತು. ಗೊತ್ತಿಲ್ಲದವರ ಹಾಗೆ ಕೂತಿರ್ತಾರೆ. ಯಾರಿಗೆ ಅಂತ ಹೇಳಲಿ?”

ನನಗೆ ಸಿಟ್ಟೇ ಬಂತು. ಬರೀ ಇಪ್ಪತ್ತು ನಿಮಿಷ ನಾಟಕ ಆಡು ಎಂದರೆ ಆಗದವಳು ಈ ಲೋಕದಲ್ಲಿ ಹೇಗೆ ಬದುಕುತ್ತಾಳೆ?

ಕೊನೆಗೂ ನಾರಿದೊಮಿ ಮೇಷ್ಟ್ರ ನಿವೃತ್ತಿಯ ವರ್ಷ ಬಂತು. ಅವರ ಜಾಗಕ್ಕೇ ಹುದ್ದೆ ಕರೆದರು. ಇತ್ತ ಮಕ್ಕಳ ಸಂಖ್ಯೆ ಇಳಿದು ಕಾಲೇಜುಗಳು ಒಂದೊಂದಾಗಿ ಅತಿಥಿಗಳನ್ನು ಬಿಡುತ್ತಿದ್ದವು. ಮಾರ್ಚ್ ಕಳೆದರೆ ಚಿಜುರುವಿಗೆ ಎಲ್ಲೂ ಒಂದು ತರಗತಿಯೂ ಉಳಿಯುತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ನೋರಿ ಕೆಲಸ ನೋಡಿಕೊಳ್ಳುತ್ತಿದ್ದ ತಮ್ಮ, ಬಾ, ಯಂತ್ರದ ಹತ್ತಿರ ಕೈ ಬೇಕು ಎಂದಿದ್ದ. ಇನ್ನೆರಡು ವರ್ಷಕ್ಕೆ ಐವತ್ತು, ಆಮೇಲೆ ಯಾರೂ ಕರೆಯುವುದಿಲ್ಲ.

“ಸಿಕ್ಕಿದ್ರೆ ಮೇಷ್ಟ್ರು, ಸಿಗದಿದ್ರೆ ಪಾಚಿ” ಎಂದು ನಕ್ಕಳು. ನಗು ಕಣ್ಣಿನವರೆಗೆ ಹೋಗಲಿಲ್ಲ.

“ಈ ಸಲ ನನ್ನ ಮಾತು ಕೇಳು. ಯಾರ ಮುಖಾನೂ ನೋಡ್ಬೇಡ. ಹಿಂದಿನ ಗೋಡೇಲಿ ಗಡಿಯಾರ ಇದೆ, ಅದನ್ನ ನೋಡು. ಪಾಠದ ಯೋಜನೆಯಲ್ಲಿ ಬರೆದಿದ್ದನ್ನ ಶುರು ಮಾಡಿ, ಮುಗಿಸಿ, ತಲೆ ಬಾಗಿಸಿ ಹೊರಗೆ ಬಾ. ಆಣೆ ಮಾಡು.”

“ಆಣೆ ಅಕ್ಕಾ.”

ಇನ್ನು ನಮ್ಮ ಡೀನ್ ಹ್ಯಾಕುತಾಕೆಯವರ ಒಂದು ಖಯಾಲಿ ಹೇಳಬೇಕು. ಸಮಿತಿಯವರು ಸುಮ್ಮನೆ ಕೂತರೆ ತರಗತಿ ಅನ್ನಿಸುವುದಿಲ್ಲ ಎಂದು ಅವರು ಒಬ್ಬೊಬ್ಬರಿಗೆ ಒಂದೊಂದು ವೇಷ ಹಂಚುತ್ತಿದ್ದರು. ಒಬ್ಬ ನಿದ್ದೆ ಮಾಡುವವನು, ಒಬ್ಬ ಫೋನ್ ನೋಡುವವನು, ಒಬ್ಬ ‘ಅರ್ಥ ಆಗ್ಲಿಲ್ಲ’ ಎನ್ನುವವನು. ಅಭ್ಯರ್ಥಿಗೆ ಇದು ಗೊತ್ತಿರುವುದಿಲ್ಲ. ಯಾರಿಗೆ ಯಾವ ವೇಷ ಎಂದು ಕಾಗದದ ಮೇಲೆ ಏಣಿಯಂತೆ ಗೆರೆ ಎಳೆದು, ಬೆರಳು ಜಾರಿಸಿ ನೋಡುತ್ತಾರೆ, ಮಕ್ಕಳು ಆಟದಲ್ಲಿ ಮಾಡುವ ಹಾಗೆ. ಡೀನ್ ಬೆರಳು ಪ್ರತಿ ಸಲ ನಿದ್ದೆಗೇ ಹೋಗಿ ನಿಲ್ಲುತ್ತಿತ್ತು. ಅದೃಷ್ಟವೋ ಕೈಚಳಕವೋ ದೇವರಿಗೇ ಗೊತ್ತು.

ಆ ಸಲ ಫೋನು ಮಿಜೋತಾ ಮೇಡಂ ಪಾಲಿಗೆ ಬಂತು. ಅರ್ಥಶಾಸ್ತ್ರದವರು, ಸಮಿತಿಯಲ್ಲಿ ಎಲ್ಲರಿಗಿಂತ ಚಿಕ್ಕವರು. ‘ಅರ್ಥ ಆಗ್ಲಿಲ್ಲ’ ನಾರಿದೊಮಿ ಮೇಷ್ಟ್ರಿಗೆ.

“ಎರಡು ಸಲ ಸಾಕು ಮೇಷ್ಟ್ರೇ, ಮೂರನೇ ಸಲ ಕೇಳ್ಬೇಡಿ. ಪಾಪ, ಅಭ್ಯರ್ಥಿ ಅಳೋ ಹಾಗಾಗ್ಬಾರ್ದು” ಎಂದರು ಡೀನ್.

ನನ್ನ ಕೆಲಸ ಮೂಲೆಯಲ್ಲಿ ಕೂತು ಗಂಟೆ ಹೊಡೆಯುವುದು, ಆಮೇಲಿನ ಚರ್ಚೆಯ ನಡಾವಳಿ ಬರೆಯುವುದು. ಐದು ನಿಮಿಷ ಉಳಿದಾಗ ಒಂದು ಸಲ ಗಂಟೆ, ಮುಗಿದಾಗ ಎರಡು ಸಲ. ಗಂಟೆಯ ವಿಷಯದಲ್ಲಿ ನಾನು ನನ್ನ ಸ್ವಂತ ಅಮ್ಮನಿಗೂ ರಿಯಾಯಿತಿ ಕೊಡುವವಳಲ್ಲ.

ಬೆಳಿಗ್ಗೆ ಟೋಕಿಯೋದಿಂದ ಬಂದ ಹುಡುಗನ ಸರದಿ. ಬುದ್ಧಿವಂತ, ನೋಡಲೂ ಚಂದ. ಪರದೆಯ ಮೇಲೆ ನೀಲಿ ಕಡಲು ತಾನಾಗಿ ಏರಿ ಇಳಿಯಿತು. ನಾರಿದೊಮಿ ಮೇಷ್ಟ್ರು ಕೈ ಎತ್ತಿ ‘ಅರ್ಥ ಆಗ್ಲಿಲ್ಲ’ ಎಂದಾಗ, “ಒಳ್ಳೆ ಪ್ರಶ್ನೆ, ತರಗತಿ ಮುಗಿದ ಮೇಲೆ ಬಾ, ಮಾತಾಡೋಣ” ಎಂದು ನಯವಾಗಿ ದಾಟಿಬಿಟ್ಟ. ನನ್ನ ಗಂಟೆಗೂ ಅವನ ಕೊನೆಯ ಮಾತಿಗೂ ಸರಿಯಾಗಿ ತಾಳ ಕೂಡಿತು. ಊಟದ ಡಬ್ಬಿ ಬಿಚ್ಚುತ್ತ ಡೀನ್, “ಇವನೇ ಸರಿ ಅನ್ಸುತ್ತೆ” ಎಂದರು. ನಾನು ನನ್ನ ಡಬ್ಬಿಯ ಮುಚ್ಚಳ ಮತ್ತೆ ಹಾಕಿದೆ.

ಮಧ್ಯಾಹ್ನ ಚಿಜುರು ಬಂದಳು. ಸಂದರ್ಶನಕ್ಕೆಂದೇ ಇಟ್ಟುಕೊಂಡಿದ್ದ ಕಡುನೀಲಿ ಕೋಟು, ಮೊಣಕೈ ಹತ್ತಿರ ಸವೆದು ಮಿಂಚುತ್ತಿತ್ತು. ಅವಳ ವಿಷಯವೂ ಉಬ್ಬರವೇ. ಎಲ್ಲರಿಗೂ ಅದನ್ನೇ ಕೊಟ್ಟಿದ್ದರು. ಶುರು ಚೆನ್ನಾಗಿಯೇ ಆಯಿತು. ಕಣ್ಣು ಗಡಿಯಾರದ ಮೇಲೆ. ಶಹಬ್ಬಾಸ್ ಎಂದುಕೊಂಡೆ ಮನಸ್ಸಿನಲ್ಲೇ. ಡೀನ್ ಆಗಲೇ ಕಣ್ಣು ಮುಚ್ಚಿ ತೂಗುತ್ತಿದ್ದರು, ಮಿಜೋತಾ ಮೇಡಂ ಮೇಜಿನ ಕೆಳಗೆ ಫೋನ್ ಒತ್ತುತ್ತಿದ್ದರು.

ನಾರಿದೊಮಿ ಮೇಷ್ಟ್ರು ಕೈ ಎತ್ತಿದರು. ಶಾಲೆಯ ಹುಡುಗನ ಧ್ವನಿ ಮಾಡಿ, “ಮೇಡಂ, ಅರ್ಥ ಆಗ್ಲಿಲ್ಲ. ಚಂದ್ರ ಈ ಕಡೆ ಇದಾನೆ. ಆ ಕಡೆ ನೀರು ಯಾಕೆ ಏರುತ್ತೆ?” ಎಂದರು.

ಮಿಜೋತಾ ಮೇಡಂ ಕಿಸಕ್ಕೆಂದರು. ಅದು ಚಿಜುರು ಹಿಂದೆ ನಾರಿದೊಮಿ ಮೇಷ್ಟ್ರನ್ನೇ ಕೇಳಿದ ಪ್ರಶ್ನೆ ಎಂದು ಆ ಕೋಣೆಯಲ್ಲಿ ನನಗೂ ಅವಳಿಗೂ ಮಾತ್ರ ಗೊತ್ತಿತ್ತು. ಮೇಷ್ಟ್ರಿಗೆ ನೆನಪಿತ್ತೋ ಇಲ್ಲವೋ. ವರ್ಷ ವರ್ಷವೂ ಯಾರಾದರೂ ಒಬ್ಬರು ಕೇಳಿಯೇ ಇರುತ್ತಾರೆ.

“ಚಂದ್ರ ಹತ್ತಿರ ಇರೋದನ್ನ ಜೋರಾಗಿ ಎಳೀತಾನೆ, ದೂರ ಇರೋದನ್ನ ಮೆಲ್ಲಗೆ. ಆ ವ್ಯತ್ಯಾಸದಿಂದ” ಎಂದು ಚಿಜುರು ಬೋರ್ಡಿನ ಮೇಲೆ ಮೂರು ಬಾಣ ಬರೆದಳು, ಉದ್ದದ್ದು, ಸಾಧಾರಣದ್ದು, ಗಿಡ್ಡದ್ದು.

“ಅರ್ಥ ಆಗ್ಲಿಲ್ಲ ಮೇಡಂ. ಮೆಲ್ಲಗೆ ಎಳೆದ್ರೂ ಎಳೆಯೋದು ಈ ಕಡೆಗೇ ತಾನೆ? ಮೂರು ಬಾಣಾನೂ ಈ ಕಡೆಗೇ ಇದೆ. ಹಾಗಿದ್ರೆ ಆ ಕಡೆ ನೀರು ಹೊರಕ್ಕೆ ಹೇಗೆ ಉಬ್ಬುತ್ತೆ?”

ಇದು ಎರಡನೆಯದು. ಚಿಜುರು ಇನ್ನೊಮ್ಮೆ ಹೇಳಿದಳು. ಗಡಿಯಾರ ನೋಡಿದಳು. “ಸರಿ, ಮುಂದಕ್ಕೆ ಹೋಗೋಣ” ಎಂದು ಕಂಪ್ಯೂಟರಿನ ಕಡೆ ಕೈ ಚಾಚಿದಳು. ಗೆದ್ದಳು ಎಂದುಕೊಂಡೆ.

ಆಗ ಮೂರನೆಯದು ಕೇಳಿಸಿತು. ಮೇಷ್ಟ್ರು ಕೈ ಎತ್ತಿರಲಿಲ್ಲ. ಹುಡುಗನ ಧ್ವನಿಯೂ ಅಲ್ಲ. ಬೋರ್ಡಿನ ಆ ಮೂರು ಬಾಣಗಳನ್ನೇ ನೋಡುತ್ತ, ತಮ್ಮಷ್ಟಕ್ಕೇ ಎಂಬಂತೆ ಮೆಲ್ಲಗೆ, “ಅರ್ಥ ಆಗ್ಲಿಲ್ಲ” ಎಂದರು.

ಚಿಜುರು ತಿರುಗಿದಳು. ಅವರ ಮುಖ ನೋಡಿದಳು. ಬೇಡ ಕಣೆ, ಬೇಡ ಎಂದು ನಾನು ಮೂಲೆಯಿಂದ ತಲೆ ಅಲ್ಲಾಡಿಸಿದೆ. ಅವಳು ನನ್ನನ್ನು ನೋಡಲೇ ಇಲ್ಲ. ಕಂಪ್ಯೂಟರ್ ಮುಚ್ಚಿ, ಸೀಮೆಸುಣ್ಣ ಕೆಳಗಿಟ್ಟು, ಕೋಟು ಬಿಚ್ಚಿ ಕುರ್ಚಿಗೆ ಹಾಕಿದಳು.

“ನಾರಿದೊಮಿ, ಎದ್ದು ಬಾ.”

ಅವರು ಇವಳ ಗುರು, ಅರವತ್ತೈದು ವರ್ಷದವರು! ಮಾದರಿ ಪಾಠದಲ್ಲಿ ಸಮಿತಿಯವರನ್ನು ವಿದ್ಯಾರ್ಥಿಗಳೆಂದೇ ತಿಳಿಯಬೇಕು ಎಂದು ನಿಯಮವೇನೋ ಇದೆ. ಆದರೆ ಅದನ್ನು ಅಕ್ಷರಶಃ ಪಾಲಿಸಿದವರನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ. ಮೇಷ್ಟ್ರು ಎದ್ದರು.

“ಮಿಜೋತಾ, ಫೋನ್ ಕೆಳಗಿಟ್ಟು ನೀನೂ ಬಾ. ಹ್ಯಾಕುತಾಕೆ, ನಿದ್ದೆ ಸಾಕು, ಏಳು. ಬೆಂಚು ಪಕ್ಕಕ್ಕೆ ಸರಿಸ್ರಿ. ನೊಗಾಮಿಯವ್ರೇ, ನೀವು ಕಿಟಕಿ ಹತ್ತಿರ ನಿಲ್ಲಿ. ನೀವೇ ಚಂದ್ರ.”

ನೊಗಾಮಿ ಎಂದರೆ ನಾನೇ. ಗಂಟೆ ಹಿಡಿದುಕೊಂಡೇ ಹೋಗಿ ನಿಂತೆ. ಡೀನ್ ಎದ್ದು ಬೆಂಚು ತಳ್ಳಿದರು ಎಂದರೆ ನಂಬುತ್ತೀರಾ? ಅವಳ ಧ್ವನಿಯಲ್ಲಿ ಅಂಥದ್ದೇನೋ ಇತ್ತು. ಯಾರಿಗೂ ಇಲ್ಲ ಎನ್ನಲು ಹೊಳೆಯಲಿಲ್ಲ.

ಮೂವರನ್ನೂ ನನ್ನ ಕಡೆ ಮುಖ ಮಾಡಿ ಒಬ್ಬರ ಬೆನ್ನಿಗೆ ಒಬ್ಬರು ತಾಗುವಂತೆ ನಿಲ್ಲಿಸಿದಳು. ಮುಂದೆ ಮಿಜೋತಾ ಮೇಡಂ, ನಡುವೆ ನಾರಿದೊಮಿ ಮೇಷ್ಟ್ರು, ಹಿಂದೆ ಡೀನ್.

“ಮಿಜೋತಾ ಚಂದ್ರನ ಕಡೆಯ ನೀರು. ನಾರಿದೊಮಿ ಭೂಮಿ. ಹ್ಯಾಕುತಾಕೆ ಆ ಕಡೆಯ ನೀರು. ಚಂದ್ರ ಕರೀತಾನೆ. ಎಲ್ಲರೂ ಅವನ ಕಡೆಗೇ ನಡೀಬೇಕು, ಯಾರೂ ಹಿಂದಕ್ಕೆ ಹೋಗೋ ಹಾಗಿಲ್ಲ. ಮಿಜೋತಾ ಹತ್ತಿರ ಇದಾಳೆ, ದೊಡ್ಡ ಹೆಜ್ಜೆ ಹಾಕ್ತಾಳೆ. ನಾರಿದೊಮಿ ಸಾಧಾರಣ ಹೆಜ್ಜೆ. ಹ್ಯಾಕುತಾಕೆ ದೂರ, ಪುಟ್ಟ ಹೆಜ್ಜೆ. ಹೂಂ, ನಡೀರಿ.”

“ಮೇಡಂ, ಎಲ್ಲರೂ ನಡೆದ್ರೆ ಚಂದ್ರನಿಗೆ ಡಿಕ್ಕಿ ಹೊಡೀತೀವಲ್ಲ?” ಎಂದರು ಮಿಜೋತಾ ಮೇಡಂ. ಅದು ವೇಷದಲ್ಲಿ ಇದ್ದ ಮಾತಲ್ಲ, ನಿಜವಾಗಿ ಕೇಳಿದ್ದು.

“ಭೇಷ್. ಸುತ್ತುತ್ತಾ ಬೀಳೋದ್ರಿಂದ ತಲುಪೋದಿಲ್ಲ. ಅದು ಇನ್ನೊಂದು ದಿನದ ಪಾಠ. ಈಗ ನಡಿ.”

ಮೂರು ಜನ ಪ್ರಾಧ್ಯಾಪಕರು ನನ್ನ ಕಡೆಗೆ ಹೆಜ್ಜೆ ಹಾಕಿದರು. ನಿಲ್ಲಿ ಎಂದಳು. ನನ್ನ ಕೈ ತಾನಾಗಿ ಒಂದು ಗಂಟೆ ಹೊಡೆಯಿತು. ಐದು ನಿಮಿಷ. ಯಾರೂ ನನ್ನ ಕಡೆ ನೋಡಲಿಲ್ಲ.

“ನಾರಿದೊಮಿ, ಮುಂದೆ ನೋಡು. ಮಿಜೋತಾ?”

“ದೂರ ಹೋಗಿದಾಳೆ.”

“ಹಿಂದೆ ನೋಡು.”

ಮೇಷ್ಟ್ರು ತಿರುಗಿದರು. ಡೀನ್ ಅಷ್ಟು ದೂರದಲ್ಲಿ, ತೋಳು ಇಳಿಬಿಟ್ಟುಕೊಂಡು ನಿಂತಿದ್ದರು.

“ಹ್ಯಾಕುತಾಕೆ ಹಿಂದಕ್ಕೆ ಹೋದ್ನಾ?”

“ಇಲ್ಲ. ಅವನೂ... ಮುಂದಕ್ಕೇ ಬಂದ.”

“ಅವನನ್ನ ಯಾರಾದ್ರೂ ಆ ಕಡೆಗೆ ಎಳೆದ್ರಾ?”

“ಇಲ್ಲ.”

“ಮತ್ತೆ ನಿಮ್ಮಿಬ್ಬರ ಮಧ್ಯೆ ಜಾಗ ಯಾಕೆ ಆಯ್ತು?”

ಮೇಷ್ಟ್ರು ಡೀನ್ ಅವರನ್ನು ನೋಡಿದರು. ತಮ್ಮ ಕಾಲುಗಳನ್ನು ನೋಡಿಕೊಂಡರು. ಚಿಜುರು ಅವಸರ ಮಾಡಲಿಲ್ಲ, ಸುಳಿವು ಕೊಡಲಿಲ್ಲ. ಅವಳ ಬದುಕು ನನ್ನ ಕೈಯ ಗಂಟೆಯಲ್ಲಿ ಕರಗುತ್ತಿತ್ತು, ಅವಳು ಮಾತ್ರ ಇಡೀ ಜನ್ಮ ಮುಂದಿದೆ ಎಂಬಂತೆ ಸುಮ್ಮನೆ ನಿಂತಿದ್ದಳು.

“ನಾನೇ,” ಎಂದರು ಮೇಷ್ಟ್ರು ಕೊನೆಗೆ. “ನಾನೇ ಅವನನ್ನ ಬಿಟ್ಟು ಬಂದೆ.”

“ಅಷ್ಟೇ. ಆ ಕಡೆ ನೀರನ್ನ ಯಾರೂ ಹೊರಕ್ಕೆ ಎಳೀಲಿಲ್ಲ. ಭೂಮೀನೇ ಅದರ ಅಡಿಯಿಂದ ಸರಿದು ಬಂತು. ಅದು ಹಿಂದೆ ಉಳಿದ ನೀರು. ನಮಗೆ ಏರಿದ ಹಾಗೆ ಕಾಣುತ್ತೆ.” ಅವಳು ಕಿಟಕಿಯ ಹೊರಗೆ ಕೈ ತೋರಿದಳು. “ಅಲ್ಲಿ ನೋಡು, ನೀರು ಬರ್ತಿದೆ. ಆಕಾಶದಲ್ಲಿ ಚಂದ್ರ ಇದಾನಾ? ಇಲ್ಲ. ಅವನೀಗ ನಮ್ಮ ಕಾಲಡಿ, ಭೂಮಿಯ ಆ ಬದೀಲಿ. ದಾರೀಲಿ ಸ್ವಲ್ಪ ತಡ ಮಾಡ್ಕೊಂಡು ಬರ್ತಿದೆ, ಆದ್ರೂ ಇದು ಅದೇ, ಹಿಂದೆ ಉಳಿದ ನೀರು.”

ಎಲ್ಲರೂ ಕಿಟಕಿಗೆ ಬಂದೆವು. ಕೆಸರಿನ ಮೇಲೆ ನೀರು ತೆಳ್ಳಗೆ, ಸದ್ದಿಲ್ಲದೆ ಹರಡಿಕೊಂಡು ಬರುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ್ದೇನೆ ಅದನ್ನು. ಬಟ್ಟೆ ಒಣಗಿಸುತ್ತ, ಮೀನು ಹೆಚ್ಚುತ್ತ, ಗಂಡನ ಜೊತೆ ಜಗಳವಾಡುತ್ತ ನೋಡಿದ್ದೇನೆ. ಅವತ್ತು ಮೊದಲ ಸಲ ನನ್ನ ಕಾಲ ಕೆಳಗಿನ ನೆಲ, ಆ ಕಟ್ಟಡ, ಆ ಊರು, ಎಲ್ಲ ಒಟ್ಟಿಗೆ ಎತ್ತಲೋ ಜಾರುತ್ತಿರುವುದು ಗೊತ್ತಾಯಿತು. ಮೈ ಜುಮ್ಮೆಂದಿತು. ಕಿಟಕಿಯ ಚೌಕಟ್ಟು ಹಿಡಿದುಕೊಂಡೆ. ಅಯ್ಯೋ ದೇವರೇ, ಇಷ್ಟು ದೊಡ್ಡದರ ದಂಡೆಯಲ್ಲಿ ಕೂತು ನಾನು ಬೀಗದ ಕೈ ಎಣಿಸುತ್ತಿದ್ದೆನಲ್ಲ ಎನ್ನಿಸಿತು.

ಸಮಯವಾಯಿತು. ಎರಡು ಗಂಟೆ ಹೊಡೆದೆ.

“ಇವತ್ತಿಗೆ ಇಷ್ಟು. ಉಳಿದದ್ದು ಮುಂದಿನ ತರಗತಿಯಲ್ಲಿ” ಎಂದಳು ಚಿಜುರು, ವರ್ಷಗಟ್ಟಲೆ ಹೇಳಿದ ಅಭ್ಯಾಸದಿಂದ. ಹೇಳಿದ ಮೇಲೆ ಎಲ್ಲಿದ್ದೇನೆ ಎಂದು ನೆನಪಾಯಿತು. ಮುಖ ಬಿಳಿಚಿಕೊಂಡಿತು. ಸೊಂಟದವರೆಗೆ ಬಾಗಿ, “ಮೇಷ್ಟ್ರೇ, ತಪ್ಪಾಯ್ತು” ಎಂದು ಕೋಟು ತೆಗೆದುಕೊಂಡು ಹೊರಟುಬಿಟ್ಟಳು.

ನಾನು ಕಾರಿಡಾರಿನಲ್ಲಿ ಹಿಡಿದೆ.

“ಗಡಿಯಾರ ನೋಡು ಅಂದಿದ್ನಲ್ಲೇ! ಯೋಜನೇಲಿ ಇದ್ದಿದ್ದರ ಐದರಲ್ಲೊಂದು ಭಾಗಾನೂ ಮುಗಿಸ್ಲಿಲ್ಲ ನೀನು!”

“ನೋಡಿದೆ ಅಕ್ಕಾ. ಆಮೇಲೆ ಮುಖ ಕಾಣಿಸ್ತು.”

“ಅದು ನಾಟಕ ಕಣೆ, ಹುಚ್ಚಿ! ಅವರಿಗೆ ಕೊಟ್ಟಿದ್ದ ವೇಷ ಅದು!”

ಅವಳು ಅಲ್ಲ ಎಂಬಂತೆ ತಲೆ ಅಲ್ಲಾಡಿಸಿ ಹೊರಗೆ ನಡೆದಳು. ಬಿಳಿ ಕಾರು ಹೊರಟುಹೋಯಿತು.

ಚರ್ಚೆ ಶುರುವಾಯಿತು. ನಾನು ಬರೆಯುತ್ತಿದ್ದೆ.

“ಪಾಠ ರೋಚಕವಾಗಿತ್ತು, ಒಪ್ತೀನಿ. ನಾನೂ ನಡೆದೆ” ಎಂದರು ಡೀನ್. “ಆದ್ರೆ ಕೊಟ್ಟ ವಿಷಯ ಮುಗಿಸ್ಲಿಲ್ಲ. ಒಬ್ಬನ ಪ್ರಶ್ನೆ ಹಿಡ್ಕೊಂಡು ಇಡೀ ತರಗತಿ ನಿಲ್ಲಿಸಿದ್ರೆ ವರ್ಷದ ಪಾಠ ಯಾವಾಗ ಮುಗಿಯೋದು? ಬೆಳಗಿನ ಹುಡುಗ ಅಚ್ಚುಕಟ್ಟು.”

“ಅವಳ ತಪ್ಪಲ್ಲ ಅದು,” ಎಂದರು ಮಿಜೋತಾ ಮೇಡಂ. “ನಾರಿದೊಮಿ ಮೇಷ್ಟ್ರು ಅತಿ ಮಾಡಿದ್ರು. ಎರಡು ಸಲ ಅಂತ ಮಾತಾಗಿತ್ತು. ಬೆಳಗಿನವನನ್ನ ಒಂದೇ ಸಲಕ್ಕೆ ಬಿಟ್ರಿ, ಇವಳನ್ನ ಮೂರು ಸಲ ಹಿಡಿದ್ರಿ. ಅಷ್ಟು ಚೆನ್ನಾಗಿ ನಟಿಸ್ಬೇಕಿತ್ತಾ ಮೇಷ್ಟ್ರೇ?”

ಮೇಷ್ಟ್ರು ಇನ್ನೂ ಬೋರ್ಡಿನ ಕಡೆಗೇ ನೋಡುತ್ತಿದ್ದರು. ಯಾರೂ ಅದನ್ನು ಒರೆಸಿರಲಿಲ್ಲ.

“ಆಗಿದ್ದು ಆಯ್ತು. ಬೆಳಗಿನ ಅಭ್ಯರ್ಥಿ ಅಂತ ಬರ್ಕೊಳ್ಳಿ ನೊಗಾಮಿಯವ್ರೇ” ಎಂದರು ಡೀನ್.

ನಾನು ಲೇಖನಿ ಊರಿದೆ. ಆಗ ಮೇಷ್ಟ್ರು, “ನಟಿಸ್ಲಿಲ್ಲ” ಎಂದರು.

“ಏನಂದ್ರಿ?”

“ಮೊದಲ ಸಲ ನಟಿಸಿದೆ. ಎರಡನೇ ಸಲ ಕೇಳುವಾಗ ಬಾಯಿಗೆ ಬಂದ ಮಾತು ನನಗೇ ಆಶ್ಚರ್ಯ ಆಯ್ತು. ಹೌದಲ್ಲ, ಮೂರು ಬಾಣಾನೂ ಈ ಕಡೆಗೇ ಇದೆಯಲ್ಲ ಅಂತ. ಮೂರನೇ ಸಲದ್ದು ನಾಟಕ ಅಲ್ಲ. ನನಗೆ ಅರ್ಥ ಆಗಿರ್ಲಿಲ್ಲ.”

ಡೀನ್ ನಗಲು ಹೊರಟು ನಿಂತರು. “ಮೇಷ್ಟ್ರೇ, ಮೂವತ್ತೈದು ವರ್ಷ ನೀವು ಅದನ್ನೇ...”

“ಮೊಟ್ಟೆ ಬರೆದೆ. ಸೂತ್ರ ಗೊತ್ತಿತ್ತು, ನಿದ್ದೆಯಲ್ಲೂ ಬರೀಬಲ್ಲೆ. ಹುಡುಗರು ಕೇಳಿದಾಗ ಪರೀಕ್ಷೆಗೆ ಬರುತ್ತೆ ಬರ್ಕೊ ಅಂದೆ. ಈ ಹುಡುಗೀನೂ ಹಿಂದೆ ಒಂದ್ಸಲ ಕೇಳಿದ್ಲು, ಅಲ್ಲಿ, ಎರಡನೇ ಸಾಲಲ್ಲಿ ಕೂತ್ಕೊಂಡು. ಇವಳಿಗೂ ಅದನ್ನೇ ಅಂದೆ.”

ನನ್ನ ಲೇಖನಿ ನಿಂತುಹೋಯಿತು. ಡೀನ್ ಗಂಟಲು ಸರಿಮಾಡಿಕೊಂಡು, “ನೊಗಾಮಿಯವ್ರೇ, ಇದನ್ನೆಲ್ಲ ಬರೀಬೇಡಿ” ಎಂದರು.

“ಬರೀರಿ,” ಎಂದರು ಮೇಷ್ಟ್ರು. “ಪೂರ್ತಿ ಬರೀರಿ. ನಾರಿದೊಮಿಗೆ ಗೊತ್ತಿರ್ಲಿಲ್ಲ, ಇವತ್ತು ಗೊತ್ತಾಯ್ತು ಅಂತ. ನೀವೆಲ್ಲ ನನ್ನ ಪಕ್ಕದಲ್ಲೇ ಕೂತಿದ್ರಿ. ನಾಟಕ ಅಂದ್ಕೊಂಡ್ರಿ. ಅದು ನಾಟಕ ಅಲ್ಲ ಅಂತ ಅವಳೊಬ್ಳಿಗೆ ಹೇಗೆ ಗೊತ್ತಾಯ್ತು? ಬೆನ್ನು ತಿರುಗಿಸಿದ್ಲು ಅವಳು! ತಿರುಗಿ ಒಂದ್ಸಲ ನೋಡಿದ್ಲು, ಅಷ್ಟೇ. ನನ್ನ ಎದುರಿಗೆ ಎಷ್ಟು ಮಕ್ಕಳು ಕೂತು ಎದ್ದು ಹೋದ್ರು. ಒಂದು ಮುಖಾನೂ ನಾನು ಹಾಗೆ ನೋಡಿಲ್ಲ.”

ಮಿಜೋತಾ ಮೇಡಂ ತಲೆ ತಗ್ಗಿಸಿಕೊಂಡರು. ಡೀನ್ ಎದ್ದು, ಬೆಂಚುಗಳ ನಡುವೆ ತಾವು ನಿಂತಿದ್ದ ಜಾಗಕ್ಕೆ ಹೋಗಿ ನಿಂತು, ಅಲ್ಲಿಂದ ಮೇಷ್ಟ್ರನ್ನು ನೋಡಿದರು.

“ಯೋಜನೆ ಮುಗಿಸ್ದೇ ಇದ್ದವರನ್ನ ನಾವು ಯಾವತ್ತೂ ತಗೊಂಡಿಲ್ಲ,” ಎಂದರು. “ಈ ಸಲ ತಗೊಳ್ಳೋಣ. ಹೊಡೆದು ಹಾಕಿ ನೊಗಾಮಿಯವ್ರೇ, ಆಗ್ಲೇ ಬರೆದಿದ್ದನ್ನ.”

ನಾನು ಬರೆದೇ ಇರಲಿಲ್ಲ. ಆದರೂ ಜೋರಾಗಿ ಒಂದು ಗೆರೆ ಎಳೆದೆ.

ವಿಶ್ವವಿದ್ಯಾಲಯದ ಮಂಡಳಿ ಒಪ್ಪಿಗೆ ಕೊಟ್ಟ ದಿನ ಫೋನ್ ಮಾಡುವ ಕೆಲಸ ನನ್ನದೇ. ಬೇರೆ ಯಾರಾದರೂ ಮಾಡಲು ಬಂದಿದ್ದರೆ ಕಚ್ಚುತ್ತಿದ್ದೆ. ಚಿಜುರು ತಮ್ಮನ ಶೆಡ್ಡಿನಲ್ಲಿ ನೋರಿ ಒಣಗಿಸುವ ಯಂತ್ರದ ಪಕ್ಕ ಇದ್ದಳು. ಧಡಧಡ ಸದ್ದು. ಹಾಳೆ ಎತ್ತುತ್ತಿದ್ದಳೇನೋ, ಏದುಸಿರು ಕೇಳಿಸುತ್ತಿತ್ತು. ಎಷ್ಟೋ ಊರಿನಿಂದ ‘ಆಗಲಿಲ್ಲ’ ಎಂದು ಬಂದ ಇಂಥ ಫೋನುಗಳನ್ನು ಎತ್ತಿದವಳು ಅವಳು. ನಾನು ಕಚೇರಿಯ ಗತ್ತಿನಲ್ಲಿ, “ಎಗಾಶಿರಾ ಮೇಡಂ, ಆ ಮಾದರಿ ಪಾಠದ ವಿಷಯ” ಎಂದು ಶುರು ಮಾಡಿದೆ.

“ಅಕ್ಕಾ!” ಎಂದು ಅವಳು ನಡುವೆಯೇ ಬಾಯಿ ಹಾಕಿದಳು. “ನಾನೇ ಫೋನ್ ಮಾಡ್ಬೇಕು ಅಂತಿದ್ದೆ, ಧೈರ್ಯ ಬರ್ಲಿಲ್ಲ. ಗಂಟೆ ಹೊಡೆದ್ಬಿಟ್ರಲ್ಲ ನೀವು, ಕೇಳೋಕೇ ಆಗ್ಲಿಲ್ಲ. ನಾರಿದೊಮಿ ಮೇಷ್ಟ್ರಿಗೆ ಅರ್ಥ ಆಯ್ತಾ?”

ನಾನು ಕೈಯಲ್ಲಿದ್ದ ಮಂಡಳಿಯ ಕಾಗದ ಕೆಳಗಿಟ್ಟೆ.

“ಆಯ್ತು ಕಣೆ. ಅರ್ಥ ಆಯ್ತು ಅಂತ ಅವರೇ ಹೇಳಿದ್ರು.”

“ಅಬ್ಬಾ! ಸದ್ಯ” ಎಂದಳು. ಅಷ್ಟು ಹಗುರಾದ ಉಸಿರನ್ನು ನಾನು ಯಾರ ಬಾಯಿಂದಲೂ ಕೇಳಿಲ್ಲ. “ಥ್ಯಾಂಕ್ಸ್ ಅಕ್ಕಾ. ಇಲ್ಲಿ ಯಂತ್ರ ಓಡ್ತಿದೆ, ಆಮೇಲೆ ಸಿಗ್ತೀನಿ.”

ಫೋನ್ ಇಟ್ಟೇಬಿಟ್ಟಳು. ನಾನು ಕಣ್ಣು ಒರೆಸಿಕೊಂಡು, ಅವಳನ್ನು ಬಾಯಿತುಂಬ ಬೈಯುತ್ತ, ಮತ್ತೆ ಅವಳ ನಂಬರು ಒತ್ತಿದೆ.